ಬಾತುಕೋಳಿ ಫೋಟೋಗೆ ಬಳ್ಳಾರಿ ಜೀನ್ಸಿನ ಚೀಲ

ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಒಂದು ಸಣ್ಣ ಅಂಗಡಿಯಿದೆ. ಅಲ್ಲಿ ಹೊಲಿಸಿದ ಬೀನ್ ಬ್ಯಾಗ್ ಬಗ್ಗೆ ಬರೆಯುತ್ತಿದ್ದೇನೆ. ಹಾಲ್‌ನಲ್ಲಿ ಹಾಕಿಕೊಂಡು ಟೀವಿ ನೋಡುವ ಬೀನ್ ಬ್ಯಾಗ್ ಅಲ್ಲ. ಉದ್ದ ಲೆನ್ಸ್ ಅಲುಗಾಡದಂತೆ ಅದರ ಕೆಳಗೆ ಇಡುವ, ಕಾಳು ತುಂಬಿದ ಚೀಲ. ಹೊಲಿಗೆ ಕೂಲಿ 350 ರೂಪಾಯಿ. ಬಟ್ಟೆ ಕಟಿಂಗ್‌ನಲ್ಲಿ ಉಳಿದ ತುಂಡು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಆಮೇಲೆ ಚೀಲದ ತಳಕ್ಕೆ ರೆಗ್ಜಿನ್ ಹಾಕಿಸಿದ್ದಕ್ಕೆ ಇನ್ನೊಂದು 120. ಒಳಗಿನ ಜೋಳ ಮನೆಯದು.

ಕೆರೆಯಲ್ಲಿ ತೇಲುವ ಕಾಡುಬಾತುಗಳ ಫೋಟೋ ತೆಗೆಯಲು ನನ್ನ ಹತ್ತಿರ ಇರುವ ಸಾಮಾನುಗಳಲ್ಲಿ ಕೊಟ್ಟ ಕಾಸಿಗೆ ಜಾಸ್ತಿ ದುಡಿದದ್ದು ಇದೇ. ಲೆನ್ಸ್‌ಗಿಂತಲೂ ಜಾಸ್ತಿ ಅಂತ ಹೇಳಿದರೆ ಗೆಳೆಯರು ನಗುತ್ತಾರೆ. ನಗಲಿ ಬಿಡಿ.

ನಮ್ಮದು ಮೋಟಾರ್ ರಿವೈಂಡಿಂಗ್ ಕೆಲಸ. ಭಾನುವಾರ ಬೆಳಿಗ್ಗೆ ಮಾತ್ರ ಕ್ಯಾಮೆರಾ ಕೈಗೆ ಬರುವುದು. ಕ್ಯಾಮೆರಾ ನಿಕಾನ್ ಡಿ7500, ಲೆನ್ಸ್ ನಿಕಾನಿನದೇ 200-500 ಎಂಎಂ ಝೂಮ್. ಈ ಲೆನ್ಸ್ 2015ರಲ್ಲಿ ಬಂದದ್ದು, ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ತೂಕ ಟ್ರೈಪಾಡಿಗೆ ಕೂರಿಸುವ ಬಳೆ, ಅಂದರೆ ಕಾಲರ್ ಸೇರಿ 2,300 ಗ್ರಾಂ. ಕ್ಯಾಮೆರಾ ಸೇರಿಸಿದರೆ ಮೂರು ಕೆಜಿ ದಾಟುತ್ತದೆ. ನಿಂತುಕೊಂಡು ಕೈಯಲ್ಲಿ ಹಿಡಿದು ಐದು ನಿಮಿಷ ಬಾತನ್ನು ಕಾಯಿರಿ, ತೋಳು ಏನು ಹೇಳುತ್ತದೆ ನೋಡಿ. ಬಾತು ಮಾತ್ರ ಆ ಐದೂ ನಿಮಿಷ ತಲೆ ನೀರಿನೊಳಗೆ ಇಟ್ಟುಕೊಂಡೇ ಇರುತ್ತದೆ.

ಟ್ರೈಪಾಡ್ ಇಲ್ಲವಾ ಅಂತ ಕೇಳಬಹುದು. ಇದೆ. ಆದರೆ ಬಾತಿನ ಫೋಟೋಗೆ ಎತ್ತರವೇ ಶತ್ರು. ನಮ್ಮ ಸೀಮೆಯ ಕೆರೆಗಳನ್ನು ನೆನಪು ಮಾಡಿಕೊಳ್ಳಿ. ಎಲ್ಲ ಕೆರೆಗೂ ಏರಿ ಇದೆ, ಏರಿ ಮೇಲೆ ದಾರಿ ಇದೆ. ಎಲ್ಲರೂ ಅಲ್ಲೇ ಗಾಡಿ ನಿಲ್ಲಿಸಿ, ಅಲ್ಲಿಂದಲೇ ಕೆಳಗೆ ನೋಡಿ ಫೋಟೋ ಹೊಡೆಯುತ್ತಾರೆ. ಮೇಲಿಂದ ತೆಗೆದ ಬಾತು ಕಂದು ನೀರಿನ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಹಿಂದೆ ಮುಂದೆ ಎಲ್ಲ ನೀರೇ, ಅಲೆಯೂ ಅಷ್ಟೇ ಚೂಪು, ಹಕ್ಕಿಯೂ ಅಷ್ಟೇ ಚೂಪು. ಅದೇ ಲೆನ್ಸನ್ನು ನೀರಿನಿಂದ ಒಂದು ಗೇಣು ಮೇಲೆ ಇಟ್ಟು ನೋಡಿ. ಹಕ್ಕಿಯ ಕಣ್ಣು ನಮ್ಮ ಕಣ್ಣಿನ ಸಮಕ್ಕೆ ಬರುತ್ತದೆ. ಹಿನ್ನೆಲೆ ಆಚೆ ದಡಕ್ಕೆ ಹೋಗಿ ಕರಗುತ್ತದೆ. ಬಾತಿನ ಮುಂದಿನ ನೀರೂ ಮಸುಕು, ಹಿಂದಿನದೂ ಮಸುಕು, ನಡುವೆ ಹಕ್ಕಿ ಒಂದೇ.

ಏರಿ ಕಡೆ ಇನ್ನೂ ಒಂದು ತೊಂದರೆ. ಕೆರೆಯಲ್ಲಿ ಆಳ ಇರುವುದು ಏರಿ ಬುಡದಲ್ಲೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವರಟೆ, ಪಿನ್‌ಟೇಲ್, ಶಾವೆಲರ್, ಗಾರ್ಗನಿ ಇವೆಲ್ಲ ಮುಳುಗಿ ಮೇಯುವ ಬಾತುಗಳಲ್ಲ. ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ಕತ್ತು ಎಟುಕಿದಷ್ಟು ಮೇಯುತ್ತವೆ, ಇಲ್ಲವಾದರೆ ನೀರಿನ ಮೇಲ್ಮೈಯಲ್ಲೇ ಸೋಸುತ್ತವೆ. ಹಾಗಾಗಿ ತೆಳು ನೀರು ಬೇಕು. ಅದು ಇರುವುದು ಏರಿಗೆ ಎದುರು ಕಡೆ, ಕೆರೆಯಂಗಳದಲ್ಲಿ, ಎಮ್ಮೆ ಇಳಿಯುವ ಜಾಗದಲ್ಲಿ. ದರೋಜಿ ಕೆರೆ ಇರಲಿ, ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರು ಇರಲಿ, ಇದೇ ಲೆಕ್ಕ. ಹಿನ್ನೀರಿನಲ್ಲಿ ಚಳಿಗಾಲ ಕಳೆದಂತೆ ನೀರು ಹಿಂದೆ ಸರಿಯುತ್ತದೆ, ಬಾತುಗಳೂ ಅದರ ಜೊತೆಗೇ ಸರಿಯುತ್ತವೆ. ಹೋದ ತಿಂಗಳು ಸಿಕ್ಕ ಜಾಗದಲ್ಲಿ ಈ ತಿಂಗಳು ಕುಸುಬೆ ಹೊಲ ನೋಡಿ ಬರಬೇಕಾಗುತ್ತದೆ.

ಮೊದಲು ಆನ್‌ಲೈನಿನಲ್ಲಿ ಒಂದು ರೆಡಿಮೇಡ್ ಚೀಲ ತರಿಸಿದ್ದೆ. ಯಾರದು ಅಂತ ಹೇಳುವುದಿಲ್ಲ. ನೈಲಾನ್ ಬಟ್ಟೆ, ಒಳಗೆ ಥರ್ಮೋಕೋಲ್ ಗುಂಡು. ಹಗುರ ಅಂತ ಖುಷಿಪಟ್ಟೆ. ಮೂರು ಕೆಜಿ ಸಾಮಾನು ಇಟ್ಟ ಕೂಡಲೇ ಚಪ್ಪಟೆ. ಸ್ವಲ್ಪ ಅಲುಗಿಸಿದರೆ ಕಿರ್ ಕಿರ್ ಸದ್ದು. ನೈಲಾನ್ ನುಣುಪಿಗೆ ಲೆನ್ಸ್ ಜಾರುತ್ತಿತ್ತು. ಕೊನೆಗೆ ಜಿಪ್ಪು ಕಿತ್ತು ಗುಂಡೆಲ್ಲ ಕಾರಿನ ತುಂಬ ಚೆಲ್ಲಿತು. ಇವತ್ತಿಗೂ ಎಸಿ ಹಾಕಿದರೆ ಒಂದೊಂದು ಹಾರಿ ಬರುತ್ತದೆ.

ಬಳ್ಳಾರಿಯಲ್ಲಿ ಇದ್ದುಕೊಂಡು ಹೊಲಿಗೆಗೆ ಬೇರೆ ಊರು ಹುಡುಕುವುದು ಸರಿಯಲ್ಲ ಅಲ್ವಾ? ಇಲ್ಲಿ ಓಣಿಗೆ ಒಂದರಂತೆ ಜೀನ್ಸ್ ಯೂನಿಟ್ ಇವೆ. ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಶಿಂಗ್ ಇನ್ನೊಂದು ಕಡೆ. ನಾನು ಹೋದ ಅಂಗಡಿಗೆ ಬೋರ್ಡೂ ಇಲ್ಲ. ನಾಲ್ಕು ಮೆಷಿನ್, ಒಂದು ಓವರ್‌ಲಾಕ್, ಮೂಲೆಯಲ್ಲಿ ಆಳೆತ್ತರದ ಜೀನ್ಸ್ ರಾಶಿ. ಅವರ ಮೆಷಿನ್ ಮೋಟಾರ್ ನಾನೇ ಕಟ್ಟಿಕೊಡುವುದು, ಹಾಗಾಗಿ ಪರಿಚಯ. ಇಲ್ಲದಿದ್ದರೆ ಒಂದೇ ಒಂದು ಚೀಲ ಹೊಲಿದುಕೊಡಿ ಅಂದರೆ ಯಾವ ಯೂನಿಟ್‌ನವರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದು ಈ ಅಂಗಡಿಯ ದೊಡ್ಡ ಕೊರತೆ ಅಂತಲೇ ಬರೆದುಕೊಳ್ಳಿ. ಗುರುತು ಇರುವವರ ಜೊತೆ ಹೋಗಬೇಕು, ಇಲ್ಲವೇ ನಾಲ್ಕೈದು ಚೀಲ ಒಟ್ಟಿಗೆ ಹೇಳಬೇಕು.

ಕಟಿಂಗ್ ಮಾಸ್ಟರ್‌ಗೆ ಬೀನ್ ಬ್ಯಾಗ್ ಅಂದರೆ ಅರ್ಥವಾಗಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ, ತಲೆ ಅಲ್ಲಾಡಿಸಿದರು. ಕೊನೆಗೆ ‘ಹಸಿಬೆ ಚೀಲ ಗೊತ್ತಲ್ಲ ಮಾಸ್ಟರ್, ಹೆಗಲ ಮೇಲೆ ಹಾಕ್ತಾರಲ್ಲ, ಎರಡೂ ಕಡೆ ಜೋಲುತ್ತಲ್ಲ, ಅದರ ಥರ’ ಅಂದೆ. ‘ಹಂಗೆ ಮೊದಲೇ ಹೇಳಬೇಕಲ್ಲಣ್ಣ’ ಅಂತ ಸೀಮೆಸುಣ್ಣ ತಗೊಂಡು ಬಟ್ಟೆ ಮೇಲೆ ಎಳೆದೇ ಬಿಟ್ಟರು. ಒಂದೊಂದು ಕಡೆ ಒಂದು ಅಡಿ ಉದ್ದ, ಹತ್ತು ಇಂಚು ಅಗಲದ ಚೀಲ. ನಡುವೆ ಆರು ಇಂಚಿನ ಸೇತುವೆ ಪಟ್ಟಿ. ಕಾರಿನ ಗಾಜು ಇಳಿಸಿ ಬಾಗಿಲ ಮೇಲೆ ಹಾಕಿದರೆ ಒಂದು ಚೀಲ ಒಳಗೆ, ಒಂದು ಹೊರಗೆ. ನೆಲದ ಮೇಲೆ ಇಟ್ಟರೆ ಎರಡೂ ಒತ್ತಿಕೊಂಡು ನಡುವೆ ಕಾಲುವೆಯಂಥ ತಗ್ಗು ಬೀಳುತ್ತದೆ, ಲೆನ್ಸ್ ಅದರಲ್ಲಿ ಕೂರುತ್ತದೆ.

ಹೊಲಿಗೆ ಬಗ್ಗೆ ಎರಡು ಮಾತಿಲ್ಲ. ಹನ್ನೆರಡು ಔನ್ಸಿನ ಡೆನಿಮ್, ಜೀನ್ಸಿನ ದಪ್ಪ ಹಳದಿ ದಾರ, ಡಬಲ್ ನೀಡಲ್. ಪ್ಯಾಂಟಿನ ಜೇಬಿನ ತುದಿಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರಲ್ಲ, ಬಾರ್‌ಟ್ಯಾಕ್ ಅಂತಾರೆ, ಅದನ್ನು ಸೇತುವೆ ಪಟ್ಟಿ ಚೀಲಕ್ಕೆ ಸೇರುವ ನಾಲ್ಕೂ ಮೂಲೆಗೆ ಹಾಕಿದ್ದಾರೆ. ಹೇಳದೆಯೇ ಹಾಕಿದ್ದು. ಭಾರ ಎಳೆಯುವುದು ಅಲ್ಲಿಯೇ ಅಂತ ಅವರ ಕೈಗೆ ಗೊತ್ತು. ಆದರೆ ಅದೇ ಕೈ ಅಭ್ಯಾಸದಲ್ಲಿ ತಾಮ್ರದ ರಿವೆಟ್ ತಗೊಂಡು ಸುತ್ತಿಗೆ ಎತ್ತಿದರು. ತಡೆದೆ. ಲೆನ್ಸ್ ಕೂರುವ ಜಾಗದಲ್ಲಿ ಲೋಹ ಇದ್ದರೆ ಗೀರು ಗ್ಯಾರಂಟಿ. ‘ರಿವೆಟ್ ಇಲ್ಲದ ಜೀನ್ಸಾ?’ ಅಂತ ಮಾಸ್ಟರ್‌ಗೆ ಬೇಜಾರಾಯಿತು. ಅವರ ಸಮಾಧಾನಕ್ಕೆ ಹೊರಗಿನ ಹಿಡಿಕೆಗೆ ಎರಡು ಹೊಡೆಸಿಕೊಂಡೆ. ನೋಡಲಿಕ್ಕೆ ಚೆನ್ನಾಗಿಯೇ ಇದೆ.

ಒಳಗೆ ಮಂಜರಪಾಟಿನ ಬೇರೆ ಚೀಲ ಹೊಲಿಸಿ, ಅದರಲ್ಲಿ ಕಾಳು ತುಂಬಿ, ಬಾಯಿ ಕಟ್ಟಿ ಇಡುತ್ತೇನೆ. ಹೊರಚೀಲ ಒಗೆಯಬೇಕಾದಾಗ ಕಾಳು ಸುರಿಯುವ ತಾಪತ್ರಯ ಇಲ್ಲ. ಒಗೆಯಲೇಬೇಕಾಗುತ್ತದೆ, ಎರೆಮಣ್ಣಿನ ಸೀಮೆ ಇದು.

ಕಾಳಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲರೂ ಕೇಳುವುದು ಇದನ್ನೇ. ಮರಳು ಬೇಡವೇ ಬೇಡ. ಹೊಲಿಗೆ ಸಂದಿಯಿಂದ ಸಣ್ಣ ಕಣ ಹೊರಬಂದು ಝೂಮ್ ರಿಂಗಿಗೆ ಹೋದರೆ ಚೀಲ ಉಳಿಸಿದ ದುಡ್ಡಿನ ಹತ್ತರಷ್ಟು ಸರ್ವಿಸ್‌ಗೆ ಹೋಗುತ್ತದೆ. ಭತ್ತದ ಹೊಟ್ಟು ಸಿರುಗುಪ್ಪ ಕಡೆ ಪುಕ್ಕಟೆ ಸಿಗುತ್ತದೆ, ಆದರೆ ತೀರಾ ಹಗುರ, ಲೆನ್ಸ್ ಇಟ್ಟರೆ ಕುಸಿಯುತ್ತದೆ. ಅಕ್ಕಿ ಒಳ್ಳೆಯದು. ಉದ್ದ ಕಾಳು ಒಂದಕ್ಕೊಂದು ಸಿಕ್ಕಿಕೊಂಡು ಲೆನ್ಸ್ ಕಲ್ಲಿನ ಮೇಲೆ ಇಟ್ಟಂತೆ ನಿಲ್ಲುತ್ತದೆ. ಆದರೆ ಈಜುವ ಬಾತಿನ ಹಿಂದೆ ಲೆನ್ಸ್ ತಿರುಗಿಸುತ್ತಾ ಹೋಗಬೇಕಲ್ಲ, ಆಗ ಆ ಗಟ್ಟಿತನವೇ ತಡೆಯುತ್ತದೆ. ಬಿಳಿಜೋಳ ದುಂಡಗಿದೆ, ಲೆನ್ಸ್ ತಿರುಗಿಸಿದರೆ ಕಾಳೂ ಜೊತೆಗೆ ಜರುಗುತ್ತದೆ, ಬಿಟ್ಟ ಕೂಡಲೇ ಅಲ್ಲೇ ನಿಲ್ಲುತ್ತದೆ. ನನ್ನ ವೋಟು ಜೋಳಕ್ಕೆ. ಒಂದೊಂದು ಕಡೆ ಎರಡೂವರೆ ಕೆಜಿ. ಬಿಗಿಯಾಗಿ ತುಂಬಬೇಡಿ, ಕಾಲು ಭಾಗ ಖಾಲಿ ಬಿಡಿ. ಬಿಗಿ ಚೀಲದ ಮೇಲೆ ಲೆನ್ಸ್ ಉರುಳುತ್ತದೆ, ಸಡಿಲ ಚೀಲದಲ್ಲಿ ಹುದುಗುತ್ತದೆ.

ಜೋಳಕ್ಕೆ ಕಾಟವೂ ಇದೆ. ನುಸಿ ಹಿಡಿಯುತ್ತದೆ, ಒಣ ಬೇವಿನ ಎಲೆ ಹಾಕಿಡಬೇಕು. ಮನೆಯಲ್ಲಿ ‘ರೊಟ್ಟಿ ಮಾಡೋ ಜೋಳ ಕೆಸರಿಗೆ ಒಯ್ತೀಯಲ್ಲೋ’ ಅಂತ ಅವ್ವನ ಬೈಗುಳ ತಪ್ಪಿದ್ದಲ್ಲ. ಇನ್ನು ತೇವ. ಡೆನಿಮ್ ನೀರು ಕುಡಿದರೆ ಎರಡು ದಿನ ಆರುವುದಿಲ್ಲ, ಒಳಗೆ ಜೋಳ ಮೊಳಕೆ ಒಡೆಯುತ್ತದೆ. ಅದಕ್ಕೇ ಅಡಿಗೆ ರೆಗ್ಜಿನ್ ಹಾಕಿಸಿದ್ದು. ಹೊಲಿಸುವವರು ಮೊದಲೇ ಹೇಳಿ ಹಾಕಿಸಿಕೊಳ್ಳಿ.

ಇನ್ನೊಂದು ಕೊರತೆ ಬಣ್ಣ. ವಾಶಿಂಗ್‌ಗೆ ಹೋಗದ ಹೊಸ ಡೆನಿಮ್ ನೀಲಿ ಬಿಡುತ್ತದೆ. ನನ್ನ ಬಿಳಿ ಕಾರಿನ ಬಾಗಿಲಿಗೆ, ಅಂಗಿ ತೋಳಿಗೆ, ಒಮ್ಮೆ ಗಲ್ಲಕ್ಕೂ ಹತ್ತಿದೆ. ಉಪ್ಪು ನೀರಿನಲ್ಲಿ ನೆನೆಸಿ ಮೂರ್ನಾಲ್ಕು ಸಲ ಒಗೆದ ಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ವಾಶ್ ಆದ ಬಟ್ಟೆಯಲ್ಲೇ ಹೊಲಿದುಕೊಡಿ ಅಂದರೆ ಕೊಡುತ್ತಾರೆ. ಸೇತುವೆ ಪಟ್ಟಿ ಆರು ಇಂಚು ಜಾಸ್ತಿ ಆಯಿತು, ನಾಲ್ಕೂವರೆ ಸಾಕು. 200-500 ಲೆನ್ಸ್ ಝೂಮ್ ಮಾಡಿದರೆ ಮುಂದಕ್ಕೆ ಉದ್ದವಾಗುತ್ತದೆ. ಅಗಲ ಪಟ್ಟಿ ಇದ್ದರೆ ಝೂಮ್ ರಿಂಗ್ ಚೀಲದೊಳಗೆ ಸಿಕ್ಕಿಕೊಂಡು ತಿರುಗಿಸಲು ಆಗುವುದಿಲ್ಲ. ಟ್ರೈಪಾಡ್ ಕಾಲರ್‌ನ ಪಾದವನ್ನು ಮೇಲೆ ತಿರುಗಿಸಿ, ಕಾಲರ್ ಇರುವ ಜಾಗವನ್ನೇ ಚೀಲದ ಮೇಲೆ ಇಟ್ಟರೆ ಸರಿಹೋಗುತ್ತದೆ.

ಸರಿ, ಕೆರೆಯಲ್ಲಿ ಇದು ಹೇಗೆ ನಡೆಯುತ್ತದೆ?

ಚಳಿಗಾಲದಲ್ಲಿ ನಮ್ಮ ಕಡೆ ಮೂಡಗಾಳಿಯೇ ಹೆಚ್ಚು. ಬಾತುಗಳು ಇಳಿಯುವುದು, ಏಳುವುದು ಎರಡೂ ಗಾಳಿಗೆ ಎದುರಾಗಿ. ಬೆಳಿಗ್ಗೆ ಸೂರ್ಯನೂ ಮೂಡಲಲ್ಲೇ. ಅಂದರೆ ಕೆರೆಯ ಮೂಡಣ ದಡದಲ್ಲಿ ಮಲಗಿದರೆ ಬೆಳಕು ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಇಳಿಯುವ ಬಾತು ನಮ್ಮ ಮುಖಕ್ಕೇ ಬರುತ್ತದೆ. ಇಷ್ಟು ಗೊತ್ತಾದ ಮೇಲೆ ನಾನು ಪಡುವಣ ದಡಕ್ಕೆ ಬೆಳಿಗ್ಗೆ ಹೋಗುವುದನ್ನೇ ಬಿಟ್ಟೆ.

ಕತ್ತಲಿರುವಾಗಲೇ ಹೋಗಿ ಮಲಗಬೇಕು. ಬೆಳಕಾದ ಮೇಲೆ ನಿಂತ ಮನುಷ್ಯ ನಡೆದು ಬರುವುದನ್ನು ನೋಡಿದರೆ ಬಾತುಗಳು ಕತ್ತು ನೆಟ್ಟಗೆ ಮಾಡಿ ಆಚೆ ಈಜುತ್ತವೆ. ಎಮ್ಮೆಗೆ ಹೆದರುವುದಿಲ್ಲ, ಎಮ್ಮೆ ಹಿಂದೆ ಬರುವ ಹುಡುಗನಿಗೂ ಅಷ್ಟಾಗಿ ಹೆದರುವುದಿಲ್ಲ. ಆ ಹುಡುಗರು ಮಾತ್ರ ನನ್ನನ್ನು ನೋಡಿ ಹೆದರಿದ್ದಾರೆ. ‘ಯಾಕಣ್ಣ, ಹುಷಾರಿಲ್ಲೇನು?’ ಅಂತ ಒಬ್ಬ ನೀರಿನ ಬಾಟಲಿ ತಂದುಕೊಟ್ಟ. ದರೋಜಿ ಕರಡಿಧಾಮದ ಸೀಮೆ, ಹಾಗಾಗಿ ಕತ್ತಲಲ್ಲಿ ಬಹಳ ದೂರ ನಡೆಯುವ ಜಾಗ ಆರಿಸಿಕೊಳ್ಳಬೇಡಿ. ಕಂಪ್ಲಿ ಕಡೆ ಹೊಳೆ ದಂಡೆಯಲ್ಲಂತೂ ಮಲಗಲೇಬೇಡಿ, ತುಂಗಭದ್ರೆಯಲ್ಲಿ ಮೊಸಳೆ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವೂ ಹೌದು. ಅಂಥ ಕಡೆ ಕಾರಿನಲ್ಲೇ ಕೂತು, ಬಾಗಿಲ ಮೇಲೆ ಚೀಲ ಹಾಕಿ. ಇಂಜಿನ್ ಆಫ್ ಮಾಡಿ. ಇಂಜಿನ್ ನಡುಕ ಚೀಲಕ್ಕೂ ಬರುತ್ತದೆ, 500 ಎಂಎಂನಲ್ಲಿ ಅದು ಎದ್ದು ಕಾಣುತ್ತದೆ. ಮೋಟಾರ್ ಕೆಲಸದವನ ಮಾತು, ನಂಬಿ.

ಮಲಗಿ ಹೊಡೆಯುವಾಗ ಡಿ7500ರ ಮಡಚುವ ಪರದೆ ಆಸೆ ಹುಟ್ಟಿಸುತ್ತದೆ. ಆದರೆ ಲೈವ್ ವ್ಯೂನಲ್ಲಿ, ಅಂದರೆ ಪರದೆ ನೋಡಿ ಹೊಡೆಯುವಾಗ, ಫೋಕಸ್ ನಿಧಾನ, ಈಜುವ ಹಕ್ಕಿಗೆ ಆಗುವುದಿಲ್ಲ. ಕಣ್ಣು ವ್ಯೂಫೈಂಡರ್‌ಗೇ ಹಚ್ಚಬೇಕು, ಅಂದರೆ ಗಲ್ಲ ನೆಲಕ್ಕೆ. ಚೀಲದ ಎತ್ತರ ಇಲ್ಲಿ ಸರಿಯಾಗಿ ಕೂರುತ್ತದೆ. ಇನ್ನೂ ಕೆಳಗೆ ಬೇಕಾದರೆ ಕಾಳನ್ನು ಎರಡೂ ಬದಿಗೆ ತಳ್ಳಿದರೆ ಸಾಕು. ಮುಂದೆ ಜೊಂಡು, ಹುಲ್ಲು ಇದ್ದರೆ ಫೋಕಸ್ ಅದಕ್ಕೆ ಹೋಗಿ ಹಿಡಿಯುತ್ತದೆ. ಲೆನ್ಸಿನ ಪಕ್ಕದ ಸ್ವಿಚ್ಚನ್ನು ಆರು ಮೀಟರ್ ಮತ್ತು ಅದರಾಚೆಗೆ ಹಾಕಿಬಿಡಿ, ಮುಂದಿನ ಹುಲ್ಲಿನ ಕಾಟ ಅರ್ಧ ಹೋಗುತ್ತದೆ.

ಈಜುವ ಬಾತಿಗೆ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ರೆಕ್ಕೆ ಬಡಿಯುವಾಗ 2,500ರ ಒಂದು ಭಾಗವಾದರೂ ಬೇಕು. ರೆಕ್ಕೆ ಯಾವಾಗ ಬಡಿಯುತ್ತದೆ ಅಂತ ಬಾತೇ ಹೇಳುತ್ತದೆ. ಸ್ನಾನ ಶುರು ಮಾಡಿತು ಅನ್ನಿ, ತಲೆ ಮುಳುಗಿಸಿ ಬೆನ್ನ ಮೇಲೆ ನೀರು ಎರಚಿಕೊಳ್ಳುತ್ತದೆ, ಮತ್ತೆ ಮುಳುಗಿಸುತ್ತದೆ. ಸ್ನಾನ ಮುಗಿದ ಕೂಡಲೇ ನೀರಿನ ಮೇಲೆ ಎದ್ದು ನಿಂತ ಹಾಗೆ ಎದೆ ಎತ್ತಿ ರೆಕ್ಕೆ ಬಡಿದು ನೀರು ಕೊಡವುತ್ತದೆ. ಮೊದಲ ಮುಳುಗು ನೋಡಿದಾಗಲೇ ಡಯಲ್ ತಿರುಗಿಸಿ ಕಾಯಿರಿ. ನನ್ನ ಹತ್ತಿರ ಇರುವ ವರಟೆಯ ಒಳ್ಳೆಯ ಫೋಟೋಗಳೆಲ್ಲ ಹೀಗೆ ಸಿಕ್ಕವೇ. ರೆಕ್ಕೆ ಬಿಚ್ಚಿದಾಗಲೇ ಅದರ ಹಸಿರು ಪಟ್ಟಿ ಪೂರ್ತಿ ಕಾಣುವುದು. ಮಡಚಿಕೊಂಡಾಗ ಬರೀ ಕಂದು ಹಕ್ಕಿ, ಹಳದಿ ತುದಿಯ ಕೊಕ್ಕು, ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ. ವರ್ಷಪೂರ್ತಿ ಇಲ್ಲೇ ಇರುವ ಹಕ್ಕಿ ಅಂತ ವರಟೆಯನ್ನು ಯಾರೂ ಕೇಳುವುದಿಲ್ಲ. ನನಗೆ ಇದೇ ಇಷ್ಟ.

ವಲಸೆ ಬರುವವುಗಳಿಗೆ ಅವಸರ ಮಾಡಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಬಂದ ಗಂಡುಗಳು ಹೆಣ್ಣಿನಂತೆಯೇ ಮಾಸಲು ಬಣ್ಣದಲ್ಲಿ ಇರುತ್ತವೆ. ಪಿನ್‌ಟೇಲ್ ಗಂಡು ಡಿಸೆಂಬರ್, ಜನವರಿ ಹೊತ್ತಿಗೆ ಮದುಮಗನಾಗುತ್ತದೆ, ಬಿಳಿ ಎದೆ, ಚಾಕೊಲೇಟ್ ತಲೆ, ಉದ್ದ ಬಾಲ. ಗಾರ್ಗನಿ ಇನ್ನೂ ತಡ. ಅದರ ಬಿಳಿ ಹುಬ್ಬು ಚೆನ್ನಾಗಿ ಬೇಕಾದರೆ ಫೆಬ್ರುವರಿವರೆಗೆ ಕಾಯಬೇಕು. ಪಿನ್‌ಟೇಲ್ ಎದೆಯ ಬಿಳಿ ಬಿಸಿಲಿಗೆ ಫೋಟೋದಲ್ಲಿ ಸುಟ್ಟುಹೋಗಿ ಬರೀ ಬಿಳಿ ಕಲೆಯಾಗುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ. ಶಾವೆಲರ್ ಗಂಡಿನ ತಲೆ ಹಸಿರು ಅಂತ ಪುಸ್ತಕದಲ್ಲಿ ಇರುತ್ತದೆ, ನಿಮ್ಮ ಫೋಟೋದಲ್ಲಿ ಕಪ್ಪು ಬರುತ್ತದೆ. ಆ ಹಸಿರು ಬಣ್ಣದಿಂದ ಬಂದದ್ದಲ್ಲ, ಗರಿಯ ರಚನೆಯಿಂದ ಹೊಳೆಯುವುದು. ಬೆಳಕಿನ ಕೋನ ಸರಿಯಿದ್ದರೆ ಹೊಳೆಯುತ್ತದೆ, ತಲೆ ಸ್ವಲ್ಪ ತಿರುಗಿತೋ ಕಪ್ಪು. ಇನ್ನು ಈ ಶಾವೆಲರ್‌ಗಳು ಗುಂಪು ಕಟ್ಟಿ ಗಾಣ ಸುತ್ತಿದಂತೆ ಸುತ್ತುತ್ತಾ ನೀರು ಸೋಸುತ್ತವೆ, ತಲೆ ಎತ್ತುವುದೇ ಇಲ್ಲ. ಚೀಲಕ್ಕೆ ಲೆನ್ಸ್ ಒಪ್ಪಿಸಿ ಬೆರಳು ಗುಂಡಿ ಮೇಲೆ ಇಟ್ಟು ಸುಮ್ನೆ ಕಾಯುವುದು. ಎರಡು ಗಂಡು ಜಗಳಕ್ಕೆ ಬಿದ್ದಾಗ ತಲೆ ಮೇಲೇಳುತ್ತದೆ, ಅಗಲ ಕೊಕ್ಕಿನಿಂದ ನೀರು ಸೋರುತ್ತಿರುತ್ತದೆ. ಕೈಯಲ್ಲಿ ಹಿಡಿದುಕೊಂಡಿದ್ದರೆ ಆ ಹೊತ್ತಿಗೆ ಲೆನ್ಸ್ ತೊಡೆ ಮೇಲೆ ಇರುತ್ತಿತ್ತು.

ಚೀಲದಿಂದ ಆಗದ ಕೆಲಸವನ್ನೂ ಹೇಳಬೇಕು. ಹಾರುವ ಬಾತಿಗೆ ಇದು ಪ್ರಯೋಜನವಿಲ್ಲ. ಲೆನ್ಸ್ ಮೇಲೆತ್ತುವ ಹೊತ್ತಿಗೆ ಸಿಳ್ಳೆಬಾತಿನ ಹಿಂಡು ಸಿಳ್ಳೆ ಹಾಕುತ್ತಾ ಪಕ್ಕದೂರಿಗೆ ಹೋಗಿರುತ್ತದೆ. ಎರಡನೆಯದು ಬಿಸಿಲಿನ ಝಳ. ಬಳ್ಳಾರಿ ಬಿಸಿಲು ಗೊತ್ತಲ್ಲ, ಜನವರಿಯಲ್ಲೂ ಒಂಬತ್ತು ಗಂಟೆ ದಾಟಿದರೆ ನೆಲದ ಮೇಲಿನ ಗಾಳಿ ನಡುಗುತ್ತದೆ. ಕೆಳಗೆ ಇದ್ದಷ್ಟೂ ಇದರ ಕಾಟ ಜಾಸ್ತಿ, ಯಾಕೆಂದರೆ ಕಾದ ನೆಲ, ನೀರಿಗೆ ಅಂಟಿಕೊಂಡ ಆ ಗಾಳಿಯ ಪದರದ ಮೂಲಕವೇ ನಾವು ನೋಡುತ್ತಿರುತ್ತೇವೆ. ಫೋಟೋ ಮೆತ್ತಗಾದರೆ ಲೆನ್ಸನ್ನು ಬೈಯಬೇಡಿ. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಇಟ್ಟರೂ ಅದೇ ಕತೆ. ಆಮೇಲೆ ಹತ್ತಿರದ ಹಕ್ಕಿ ಮಾತ್ರ ಹೊಡೆಯಬೇಕು, ಇಲ್ಲವೇ ಎದ್ದು ಮೈ ಕೊಡವಿಕೊಂಡು ಮಿರ್ಚಿ ಮಂಡಕ್ಕಿ ಹುಡುಕಿಕೊಂಡು ಹೋಗಬೇಕು.

ಅಂಕಸಮುದ್ರಕ್ಕೆ ಹೋಗುವವರು ಈ ಚೀಲವನ್ನು ನೆಲಕ್ಕೆ ಹಾಕುವ ಆಸೆ ಇಟ್ಟುಕೊಳ್ಳಬೇಡಿ. ಹಗರಿಬೊಮ್ಮನಹಳ್ಳಿ ತಾಲೂಕಿನ ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಕೆರೆ, ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಜಿಲ್ಲೆ ಒಡೆದ ಮೇಲೆ ಈಗ ವಿಜಯನಗರದ ಪಾಲು, ನಮ್ಮ ಬಾಯಲ್ಲಿ ಇನ್ನೂ ಬಳ್ಳಾರಿಯೇ. ಅದು ಹಕ್ಕಿಗಳು ಗೂಡು ಕಟ್ಟುವ ಜಾಗ. ದಡಕ್ಕೆ ಇಳಿದು ಹರಿದಾಡಿದರೆ ಗೂಡಿನ ಹಕ್ಕಿ ಏಳುತ್ತದೆ. ಅಲ್ಲಿ ಏರಿ ಮೇಲಿಂದಲೇ ನೋಡಿ, ನೆಲಕ್ಕೆ ಮಲಗಿ ಬಾತಿನ ಫೋಟೋ ಹೊಡೆಯಲು ಬೇರೆ ಕೆರೆ ಬೇಕಾದಷ್ಟು ಇವೆ.

ಹೊಲಿಸಲು ಹೋಗುವವರಿಗೆ ಕೊನೆಯದಾಗಿ. ದಸರಾ, ದೀಪಾವಳಿ ಮುಂಚೆ ಅಂಗಡಿಯಲ್ಲಿ ಆರ್ಡರ್ ಒತ್ತಡ, ಆಗ ಕೇಳಿದರೆ ‘ಹಬ್ಬ ಆಗಲಿ ಅಣ್ಣ’ ಅಂತಲೇ ಉತ್ತರ. ಹಬ್ಬ ಆಗುವ ಹೊತ್ತಿಗೆ ಬಾತುಗಳು ಬಂದಿರುತ್ತವೆ. ಆಗಸ್ಟಿನಲ್ಲೇ ಹೇಳಿಡಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ನಿಮ್ಮ ಲೆನ್ಸ್ ಜೊತೆಗೆ ಒಯ್ಯಿರಿ, ಮಾಸ್ಟರ್ ಅದನ್ನೇ ಅಳತೆಗೆ ಇಟ್ಟುಕೊಂಡು ಪಟ್ಟಿ ಕತ್ತರಿಸುತ್ತಾರೆ. ಆದರೆ ಟೇಬಲ್ ಮೇಲೆ ಇಡುವ ಮುಂಚೆ ಸೂಜಿ, ರಿವೆಟ್ ಇವೆಯಾ ಅಂತ ಕೈಯಾಡಿಸಿ ನೋಡಿ.